ಛೇದಕ್ಕಷ್ಟೇ ಗುಣಿಸುವ ಇಲಾಖೆ

ಮಕ್ಕಳು ಕಡಿಮೆಯಾದ ಸರ್ಕಾರಿ ಶಾಲೆಯಿಂದ ಬೇರೆ ಕಡೆ ಹೋಗಬೇಕಾದ ಹೆಚ್ಚುವರಿ ಶಿಕ್ಷಕರ ಪಟ್ಟಿ ಮತ್ತೆ ಹೊರಬಿದ್ದಿದೆ. ಆದೇಶದಲ್ಲಿ ಇದಕ್ಕೆ ‘ಮರುಹೊಂದಾಣಿಕೆ’, ಸಾಹೇಬರ ಬಾಯಲ್ಲಿ ‘ರ‍್ಯಾಷನಲೈಸೇಷನ್’. ಜಗಳೂರು, ಮೊಳಕಾಲ್ಮೂರು ಕಡೆ ಮೇಷ್ಟ್ರುಗಳು ಎರಡನ್ನೂ ಬಿಟ್ಟು, “ಈ ಸಲ ನಾನೂ ಎಕ್ಸೆಸ್ ಆದೆ ನೋಡ್ರಿ” ಅಂತಾರೆ. ಸಾರಿನಲ್ಲಿ ಹೆಚ್ಚಾದ ಉಪ್ಪಿನ ಹಾಗೆ.

ಲೆಕ್ಕವೇನೋ ಚೊಕ್ಕವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ಅಂದರೆ ಮೂರನೇ ಮೇಷ್ಟ್ರ ಹುದ್ದೆ ನಿಂತಿರುವುದು ಅರವತ್ತೊಂದನೇ ಮಗುವಿನ ಮೇಲೆ. ಆ ಹುಡುಗಿ ಅಪ್ಪ-ಅಮ್ಮನ ಜತೆ ಕಾಫಿ ಸೀಮೆಗೆ ಗುಳೆ ಹೋಗಲಿ, ಕಾನ್ವೆಂಟಿನ ಹಳದಿ ವ್ಯಾನು ಹತ್ತಲಿ, ಪಟ್ಟಿಯಿಂದ ಅವಳ ಹೆಸರು ಹೋಯಿತೆಂದರೆ ಮೇಷ್ಟ್ರೂ ಹೋದರು. ಉಳಿದ ಇಬ್ಬರಿಗೆ ಐದು ತರಗತಿ, ತಲಾ ಎರಡೂವರೆ. ಒಬ್ಬರು ಸಭೆಗೆ ಹೋದ ದಿನ ಇನ್ನೊಬ್ಬರಿಗೆ ಐದೂ ತರಗತಿ, ಜತೆಗೆ ಮೊಟ್ಟೆ ಲೆಕ್ಕ. ಚಿಕ್ಕ ತರಗತಿಗಳ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಕೂರುವ ಗುಂಪಿಗೆ ತಟ್ಟೆ ಅನ್ನುತ್ತಾರೆ; ಸ್ವಕಲಿಕೆಯ ತಟ್ಟೆ ಅಂತ ಒಂದಿದೆ, ಅಲ್ಲಿ ಮಗು ತಾನೇ ಕಲಿಯಬೇಕು. ಅಂಥ ದಿನ ಇಡೀ ಶಾಲೆ ಆ ತಟ್ಟೆಯಲ್ಲೇ ಕೂತಿರುತ್ತದೆ.

ಒಂಬತ್ತನೇ ಕ್ಲಾಸಿನ ಗಣಿತದಲ್ಲೂ ಒಂದು ರ‍್ಯಾಷನಲೈಸೇಷನ್ ಇದೆ, ಅಕರಣೀಕರಣ, ಅಂದರೆ ಛೇದದಲ್ಲಿರುವ ಕರಣಿಯನ್ನು (√2ರಂಥ ಮೂಲವನ್ನು) ತೆಗೆಯುವುದು. 1/√2 ಕೊಟ್ಟರೆ ಮೇಲೆ ಕೆಳಗೆ ಎರಡೂ ಕಡೆ √2ರಿಂದ ಗುಣಿಸಬೇಕು, √2/2 ಬರುತ್ತದೆ. ಒಂದನ್ನು 1.414ರಿಂದ ಭಾಗಿಸುವ ಪೀಕಲಾಟ ತಪ್ಪಿ, 1.414ನ್ನು ಎರಡರಿಂದ ಭಾಗಿಸಿದರೆ 0.707 ಸಲೀಸಾಗಿ ಸಿಗುತ್ತದೆ. ಛೇದ 1+√3 ಇದ್ದರೆ 1–√3ರಿಂದ ಗುಣಿಸಬೇಕು. ಅದೇ 1+√3ರಿಂದ ಗುಣಿಸಿದರೆ ಕರಣಿ ಹಾಗೇ ಉಳಿಯುತ್ತದೆ. ಏನೇ ಮಾಡಿದರೂ ಬೆಲೆ ಬದಲಾಗಕೂಡದು, ಅದೇ ಷರತ್ತು. ಮಕ್ಕಳು ಎಡವುವುದು ಒಂದೇ ಕಡೆ: ಛೇದಕ್ಕೆ ಗುಣಿಸಿ ಅಂಶವನ್ನು ಮರೆಯುತ್ತಾರೆ. ಉತ್ತರ ನೋಡಲು ಅಚ್ಚುಕಟ್ಟು, ಆದರೆ ತಪ್ಪು. ಹುಡುಗನಿಗಾದರೆ ಅಂಕ ಹೋಗುತ್ತದೆ. ಶಿಕ್ಷಕರ ಲೆಕ್ಕ ಸರಿಮಾಡಿ ಕಲಿಕೆಯನ್ನು ಮರೆಯುವ ಇಲಾಖೆ ಇದೇ ತಪ್ಪು ಮಾಡಿದರೆ ಅದಕ್ಕೆ ಸುತ್ತೋಲೆಯ ಸಂಖ್ಯೆ ಸಿಗುತ್ತದೆ.

ಇನ್ನೊಂದು ಅರ್ಥ ಮನಃಶಾಸ್ತ್ರದ್ದು. ಫ್ರಾಯ್ಡ್ ಶಿಷ್ಯ ಅರ್ನೆಸ್ಟ್ ಜೋನ್ಸ್ 1908ರಲ್ಲೇ ಬರೆದಿಟ್ಟ: ಕೆಲಸ ಮೊದಲು ಮಾಡಿಬಿಡುವುದು, ಮರ್ಯಾದಸ್ತ ಕಾರಣ ಆಮೇಲೆ ಹುಡುಕುವುದು. ಆತ ನಮ್ಮ ಯಾವ ಕಚೇರಿಗೂ ಬಂದವನಲ್ಲ, ಪಾಪ.

ಜಿಎಸ್‌ಟಿಗೂ ರ‍್ಯಾಷನಲೈಸೇಷನ್ ಭಾಗ್ಯ ಬಂತು. 2025ರ ಸೆಪ್ಟೆಂಬರ್ 22ರಂದು ಬಹುತೇಕ ಸರಕುಗಳಿಗೆ ಶೇ 12 ಮತ್ತು 28ರ ದರಗಳು ಹೋದವು. ಪೆನ್ಸಿಲ್, ರಬ್ಬರ್, ನೋಟ್‌ಬುಕ್ಕಿಗೆ ತೆರಿಗೆಯೇ ಇಲ್ಲ. ಸಂತೋಷ. ಬರೆಯಲು ಪೆನ್ಸಿಲ್ ಅಗ್ಗ, ಬರೆದದ್ದನ್ನು ತಿದ್ದುವವರು ಎಕ್ಸೆಸ್.

ಅದೇ ದಿನ ಜಾತಿ ಸಮೀಕ್ಷೆಯೂ ಶುರುವಾಯಿತು. ಮುಗಿಯಲಿಲ್ಲವೆಂದು ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಆಗ ಮೊಬೈಲ್ ಹಿಡಿದು ಮನೆ ಮನೆ ಅಲೆಯುವಾಗ ಒಬ್ಬ ಮೇಷ್ಟ್ರೂ ಎಕ್ಸೆಸ್ ಆಗಿರಲಿಲ್ಲ. ಅದೇ ಕಾಯ್ದೆಯ 27ನೇ ಕಲಂ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬೇಡಿ ಅನ್ನುತ್ತದೆ. ಅನುಸೂಚಿಯ 60 ಬಾಯಿಪಾಠ ಇರುವವರಿಗೆ ಈ 27 ಮಾತ್ರ ನೆನಪಾಗುವುದಿಲ್ಲ. ಸಾಕಾಗಿಹೋಗಿದೆ ಸ್ವಾಮಿ. ತರಗತಿಗೊಬ್ಬ ಮೇಷ್ಟ್ರು ಕೊಡಲು ದುಡ್ಡಿಲ್ಲ ಅಂತ ನೇರ ಹೇಳಿ, ಜನ ಬೈದು ಸುಮ್ಮನಾಗುತ್ತಾರೆ. ಬಡವರ ಮಕ್ಕಳ ಕೋಣೆ ಖಾಲಿ ಮಾಡಿ ಅದಕ್ಕೆ ವಿವೇಕ ಅಂತ ಹೆಸರಿಡಬೇಡಿ.