ಖಾಯಂ ಗಿರಾಕಿಗೆ ಖಾಯಂ ದಂಡ

ಭಾನುವಾರ ಪೇಪರ್ ಬಿಚ್ಚಿದರೆ ಒಳಗಿಂದ ಒಂದು ಹಳದಿ ಪಾಂಪ್ಲೆಟ್ ಬಿತ್ತು. ‘ಹುಬ್ಬಳ್ಳಿ-ಧಾರವಾಡದ ಜನತೆಗೆ ಬಂಪರ್ ಕೊಡುಗೆ! 100 ಎಂಬಿಪಿಎಸ್ ಇಂಟರ್ನೆಟ್, ಜೊತೆಗೆ ಟಿವಿ, ತಿಂಗಳಿಗೆ 499 ಮಾತ್ರ.’ ಓದಿ ಖುಷಿಯಾಯಿತು. ಆಮೇಲೆ ಕೆಳಗಿನ ಹೆಸರು ನೋಡಿದೆ. ನಮ್ಮದೇ ಕಂಪನಿ. ನಾಲ್ಕು ವರ್ಷದ ಹಿಂದೆ ನಮ್ಮ ಮನೆಗೆ ವಯರ್ ಎಳೆದದ್ದು ಇದೇ ಕಂಪನಿ. ಅದೇ 100 ಎಂಬಿಪಿಎಸ್‌ಗೆ, ಅದೇ ಟಿವಿಗೆ ನಾನು ಕೊಡುತ್ತಿರುವುದು 849. ಹೋದ ವರ್ಷ 749 ಇತ್ತು. ಅದರ ಹಿಂದಿನ ವರ್ಷ 649. ಮೊದಲ ವರ್ಷ? 499.

ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೂ ಉಪಯೋಗವಿಲ್ಲ. ನಿಮ್ಮ ಮನೆಯಲ್ಲಿರುವುದು ಬೇರೆ ಹೆಸರಿನ ಅದೇ ಕಂಪನಿ.

ಜನತಾ ಬಜಾರಿನಲ್ಲಿ ಕಾಯಿಪಲ್ಯೆ ಮಾರುವ ಒಬ್ಬ ಅಜ್ಜಿ ಇದ್ದಾಳೆ. ಹೊಸಬರು ಬಂದರೆ ಮೆಂತೆ ಸಿವುಡಿಗೆ 15 ರೂಪಾಯಿ. ನನಗೆ 10. ಮೇಲೆ ಕೊಸರಿಗೆ ಅಂತ ನಾಲ್ಕೆಳೆ ಕೊತ್ತಂಬರಿ, ಎರಡು ಹಸಿಮೆಣಸಿನಕಾಯಿ. ‘ನೀವು ದಿನಾ ಬರಾವ್ರಲ್ರಿ’ ಅನ್ನುತ್ತಾಳೆ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಇಂಟರ್ನೆಟ್ ಕಂಪನಿಯಲ್ಲಿ ಎಂಬಿಎ ಮಾಡಿದವರು ಕೂತಿದ್ದಾರೆ. ಅವರ ಲೆಕ್ಕ ಉಲ್ಟಾ. ಹೊಸಬನಿಗೆ ಕೊಸರು, ಹಳಬನಿಗೆ ದಂಡ. ಮೂರು ವರ್ಷ ಸುಮ್ನೆ ಬಿಲ್ ಕಟ್ಟಿದವನು ನಾಲ್ಕನೇ ವರ್ಷವೂ ಕಟ್ಟುತ್ತಾನೆ, ಬೇರೆ ಕಡೆ ಹೋಗಲು ಅವನಿಗೆ ಸೋಮಾರಿತನ, ಅಲ್ವಾ? ಆ ಸೋಮಾರಿತನಕ್ಕೆ ರೇಟು ಕಟ್ಟಿದ್ದಾರೆ. ನನ್ನದಕ್ಕೆ ತಿಂಗಳಿಗೆ 350.

ಫೋನ್ ಮಾಡಿದೆ. ಕನ್ನಡಕ್ಕೆ ಒಂದು ಒತ್ತಿ ಅಂದರು. ಒತ್ತಿದೆ. ಹಿಂದಿಯಲ್ಲಿ ನಮಸ್ಕಾರ ಬಂತು. ಆಮೇಲೆ ಹತ್ತು ನಿಮಿಷ ಸಂಗೀತ. ನಡುನಡುವೆ ಒಂದು ಹೆಣ್ಣು ಧ್ವನಿ: ‘ನಿಮ್ಮ ಕರೆ ನಮಗೆ ಅಮೂಲ್ಯ.’ ಅಮೂಲ್ಯ ಅಂದರೆ ಬೆಲೆಯೇ ಇಲ್ಲದ್ದು ಅಂತಲೂ ಓದಬಹುದು. ಕೊನೆಗೆ ಒಬ್ಬ ಹುಡುಗ ಸಿಕ್ಕ. ಮಾತು ಗದಗ ಕಡೆಯದು.

‘ಸರ, ಆ ಆಫರ್ ಹೊಸಬರಿಗಷ್ಟ ರೀ.’

‘ನಾನೂ ಒಮ್ಮೆ ಹೊಸಬ ಇದ್ದೆ, ತಮ್ಮಾ.’

‘ಈಗ ನೀವು ಪ್ರೀಮಿಯಂ ಗ್ರಾಹಕ್ರು ರೀ.’

‘ಪ್ರೀಮಿಯಂ ಅಂದ್ರ?’

‘ಜಾಸ್ತಿ ಕೊಡಾವ್ರು ರೀ.’

ಪ್ರಾಮಾಣಿಕ ಹುಡುಗ. ಆ ಕಂಪನಿಯಲ್ಲಿ ಹೆಚ್ಚು ದಿನ ಉಳಿಯಲಿಕ್ಕಿಲ್ಲ.

‘ಹಂಗಾರ ಕನೆಕ್ಷನ್ ಕಟ್ ಮಾಡ್ರಿ’ ಅಂದೆ. ಅಷ್ಟೇ. ಲೈನು ಬೇರೆ ಯಾರಿಗೋ ಹೋಯಿತು. ಈ ಸಲ ಸಂಗೀತವಿಲ್ಲ, ಕಾಯಿಸಲಿಲ್ಲ. ಒಬ್ಬ ಮೇಡಂ ಬಂದರು. ಎಂಥ ಅಕ್ಕರೆ ಅಂತೀರಿ! ‘ನೀವು ನಮ್ಮ ಮನಿಯವ್ರಿದ್ದಂಗ ಸರ’ ಅಂದರು. 849 ಹೋಗಿ 749 ಆಯಿತು. ನಾನು ಮಾತಾಡಲಿಲ್ಲ. 699 ಆಯಿತು. ಕೆಮ್ಮಿದೆ. 649 ಆಯಿತು, ಮೇಲೆ ಮೂರು ತಿಂಗಳು ಓಟಿಟಿ ಫ್ರೀ. ಬೀಗರ ಮನೆಯ ಪಂಕ್ತಿಯಲ್ಲಿ ಕೂತಾಗ ಎಲೆ ಕಡೆ ಯಾರೂ ನೋಡಲಿಲ್ಲ, ಎದ್ದು ಚಪ್ಪಲಿ ಮೆಟ್ಟಿದ ಮೇಲೆ ‘ಅಯ್ಯ, ಹೋಳಿಗಿ ತಗೊಳ್ಳದ ಹೊಂಟ್ರ್ಯಾ?’ ಅಂತ ಓಡಿ ಬಂದ ಹಾಗೆ. ಈ ಕಂಪನಿಗಳಲ್ಲಿ ಹೋಳಿಗೆ ಇಟ್ಟಿರುವುದೇ ಚಪ್ಪಲಿ ಬಿಡುವ ಜಾಗದಲ್ಲಿ.

ಮೊಬೈಲಿನಲ್ಲಾದರೆ ಚಪ್ಪಲಿ ಹಾಕುವುದು ಸುಲಭ. 2011ರ ಜನವರಿ 20ರಿಂದ ನಂಬರ್ ಬದಲಿಸದೆ ಕಂಪನಿ ಬದಲಿಸಬಹುದು. 1900ಕ್ಕೆ ‘ಪೋರ್ಟ್’ ಅಂತ ಒಂದು ಮೆಸೇಜು ಸಾಕು, ಅದು ತಲುಪುವ ಮೊದಲೇ ಪ್ರೀತಿಯ ಫೋನ್ ಬರುತ್ತದೆ. ಮನೆಯ ವಯರ್‌ಗೆ ಆ ಭಾಗ್ಯವಿಲ್ಲ. ಹೊಸ ಕಂಪನಿಯವನು ಕಂಬ ಹತ್ತಬೇಕು, ಗೋಡೆಗೆ ಇನ್ನೊಂದು ತೂತು ಹೊಡೆಯಬೇಕು, ಹಳೆ ರೂಟರ್ ವಾಪಸ್ ಕೊಟ್ಟು ಡೆಪಾಸಿಟ್ಟಿಗಾಗಿ ಅಲೆಯಬೇಕು. ನಮ್ಮ ಗೋಡೆಯಲ್ಲಿ ಈಗಾಗಲೇ ಮೂರು ತೂತಿವೆ. ಮಳೆ ಬಂದಾಗ ಮೂರೂ ಕೆಲಸ ಮಾಡುತ್ತವೆ.

ಮೊಬೈಲಿನವರ ತಿಂಗಳಿಗೆ 28 ದಿನ. ವರ್ಷಕ್ಕೆ 13 ರೀಚಾರ್ಜು. ಪಂಚಾಂಗದಲ್ಲಿ ಅಧಿಕ ಮಾಸ ಸುಮಾರು ಮೂರು ವರ್ಷಕ್ಕೊಮ್ಮೆ ಬಂದರೆ ಇವರಲ್ಲಿ ಪ್ರತಿ ವರ್ಷ. ಕೊನೆಗೆ 2022ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, 30 ದಿನದ್ದೂ ಒಂದು ಪ್ಲಾನ್ ಇಡಿ ಎಂದು ಆದೇಶ ಮಾಡಬೇಕಾಯಿತು. ತಿಂಗಳಿಗೆ ಎಷ್ಟು ದಿನ ಎಂದು ಹೇಳಲು ಒಂದು ಪ್ರಾಧಿಕಾರ!

ಇನ್ನು ಪಾಂಪ್ಲೆಟ್ಟಿನ 499. ಅದು 499 ಅಲ್ಲ. ಶೇ 18 ಜಿಎಸ್‌ಟಿ ಸೇರಿ 588 ರೂಪಾಯಿ 82 ಪೈಸೆ. ಅದೂ ಆರು ತಿಂಗಳದ್ದು ಒಮ್ಮೆಗೇ ಕಟ್ಟಿದರೆ. ಇದೆಲ್ಲ ಚುಕ್ಕೆಯ ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿದೆ. 100 ಎಂಬಿಪಿಎಸ್ ಮುಂದೆ ಇನ್ನೊಂದು ಇರುವೆ ಇತ್ತು. ಕನ್ನಡಕ ಹಾಕಿ ನೋಡಿದೆ. ‘ವರೆಗೆ’. ಚಿಗರಿ ಬಸ್ಸಿನಲ್ಲಿ ಧಾರವಾಡದವರೆಗೆ ಟಿಕೆಟ್ ಕೊಟ್ಟು, ಉಣಕಲ್ಲಿನಲ್ಲಿ ಇಳಿಸಿ, ‘ವರೆಗೆ ಅಂದಿದ್ವಿ, ಮುಟ್ಟಸ್ತೀವಿ ಅಂದಿದ್ದಿಲ್ಲ’ ಅಂದರೆ ಜನ ಸುಮ್ಮನಿರುತ್ತಾರಾ? ಇಂಟರ್ನೆಟ್ಟಿನಲ್ಲಿ ಸುಮ್ಮನಿರುತ್ತಾರೆ. ಪೂರ್ತಿ 100 ಬಂದರೂ ಅದು ಬಿಟ್ ಲೆಕ್ಕ. ಫೈಲು ಇಳಿಸುವಾಗ ನಾವು ನೋಡುವುದು ಬೈಟ್. ಎಂಟರಿಂದ ಭಾಗಿಸಿ. ಸೆಕೆಂಡಿಗೆ ಹನ್ನೆರಡೂವರೆ ಎಂಬಿ. ತೂಕದ ಕಲ್ಲೇ ಬೇರೆ. ಸರ್ಕಾರಕ್ಕೆ ದೂರು ಕೊಡೋಣ ಅಂದರೆ, ಸರ್ಕಾರದ ಪ್ರಕಾರ 2 ಎಂಬಿಪಿಎಸ್ ಬಂದರೂ ಅದು ಬ್ರಾಡ್‌ಬ್ಯಾಂಡೇ. 2023ರ ಜನವರಿಯವರೆಗೆ 512 ಕೆಬಿಪಿಎಸ್ ಇದ್ದರೂ ಸಾಕಿತ್ತು.

ಟಿವಿಯ ಕಥೆ ಇನ್ನೂ ಚೆಂದ. 2019ರಲ್ಲಿ ಹೊಸ ನಿಯಮ ಬಂತು. ನೋಡುವ ಚಾನೆಲ್‌ಗೆ ಮಾತ್ರ ದುಡ್ಡು ಕೊಡಿ ಅಂದರು. ಮನೆಮಂದಿಯೆಲ್ಲ ಪೆನ್ಸಿಲ್ ಹಿಡಿದು ಕೂತೆವು. ಅವ್ವನಿಗೆ ಎರಡು ಧಾರಾವಾಹಿ, ಮಗಳಿಗೆ ಕಾರ್ಟೂನ್, ನನಗೆ ಕ್ರಿಕೆಟ್. ಮೊದಲು ಒಂದೂ ಚಾನೆಲ್ ಆರಿಸದೆಯೇ 130 ರೂಪಾಯಿ ನೆಟ್‌ವರ್ಕ್ ಶುಲ್ಕ. ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಅಂಗಡಿಯ ಹೊಸ್ತಿಲು ತುಳಿದದ್ದಕ್ಕೆ. ಆಮೇಲೆ ಬಿಡಿ ಚಾನೆಲ್ ದರ ನೋಡಿದರೆ 19, 19, 19. ಯಾಕಪ್ಪ ಎಲ್ಲ ಸರಿಯಾಗಿ 19? ಅದನ್ನು ದಾಟಿದ ಚಾನೆಲನ್ನು ಪ್ಯಾಕಿನ ಗಂಟಿಗೆ ಸೇರಿಸುವಂತಿಲ್ಲ ಎಂಬ ನಿಯಮ. ಹಾಗಾಗಿ ಎಷ್ಟೋ ದೊಡ್ಡ ಚಾನೆಲ್‌ಗಳು ಗೆರೆ ತುಳಿಯದೆ ಗೆರೆಯ ಮೇಲೆಯೇ ಬಂದು ಕೂತವು. ಬಿಡಿಯಾಗಿ ಕೂಡಿಸಿದರೆ ದುಬಾರಿ, ಗಂಟು ತಗೊಂಡರೆ ಅಗ್ಗ. ಬದನೆಕಾಯಿ ಒಂದೇ ಕೇಳಿದರೆ 40, ಹಾಗಲಕಾಯಿ ಸೋರೆಕಾಯಿ ಜೊತೆ ಒಯ್ದರೆ 30. ಕೊನೆಗೆ ಪೆನ್ಸಿಲ್ ಕೆಳಗಿಟ್ಟು ಗಂಟೇ ತಂದೆವು. ನಮಗೆ ಗೊತ್ತಿಲ್ಲದ ಭಾಷೆಯ ಅಡುಗೆ ಚಾನೆಲ್ಲುಗಳು ಈಗಲೂ ಬರುತ್ತವೆ. 2020ರಲ್ಲಿ ಅದೇ 130ಕ್ಕೆ 100ರ ಬದಲು 200 ಚಾನೆಲ್ ಮಾಡಿದರು. 2024ರಲ್ಲಿ ಆ ಶುಲ್ಕದ ಮಿತಿಯನ್ನೇ ತೆಗೆದರು. ಹಾವೇರಿಯ ನಮ್ಮ ಸೋದರಮಾವ ಒಮ್ಮೆ ದುಡ್ಡು ಹಾಕಿ ಡಿಡಿ ಫ್ರೀ ಡಿಶ್ ಹಚ್ಚಿಸಿದ್ದಾನೆ. ತಿಂಗಳ ಬಿಲ್ಲೇ ಇಲ್ಲ. ಅವನ ರಕ್ತದೊತ್ತಡ ನಮ್ಮ ಮನೆತನದಲ್ಲೇ ಉತ್ತಮ.

ಇಂಥ ಬಲೆಗಳನ್ನು ತಡೆಯಲು ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಮಾರ್ಗಸೂಚಿ ತಂದಿದೆ. ಗ್ರಾಹಕರನ್ನು ಯಾಮಾರಿಸುವ 13 ಬಗೆಯ ತಂತ್ರಗಳನ್ನು ಹೆಸರಿಟ್ಟು ಬರೆದಿದೆ. ಸೇರುವುದು ಸಲೀಸು, ಬಿಡುವುದು ಕಷ್ಟ ಅನ್ನುವ ಚಂದಾ ಬಲೆ ಅದರಲ್ಲೊಂದು. ನಾನು ಓದಿ ನೋಡಿದೆ. ಪಟ್ಟಿ ಚೆನ್ನಾಗಿದೆ. ನಮ್ಮ ಕಂಪನಿಯವರೂ ಓದಿರಬೇಕು, ಎರಡು ಹೊಸ ಐಡಿಯಾ ಸಿಕ್ಕ ಹಾಗಿದೆ. ಗ್ರಾಹಕ ಸಹಾಯವಾಣಿ 1915ರ ಹೆಸರು ಎತ್ತಿದಾಗ ಮಾತ್ರ ಮೇಡಂ 649ರಿಂದ 599ಕ್ಕೆ ಇಳಿದರು. 499? ‘ಅದು ಸಿಸ್ಟಮ್ ತಗೊಳ್ಳಾಂಗಿಲ್ಲ ಸರ.’

ಸಿಸ್ಟಮ್ ಏನು ತಗೊಳ್ಳುತ್ತದೆ ಎಂದು ಹೇಳಿಕೊಟ್ಟವನು ವಯರ್ ರಿಪೇರಿಗೆ ಬರುವ ಹುಡುಗ. ‘ಅಣ್ಣಾರ, ಸುಮ್ನ ತಲಿ ಕೆಡಿಸ್ಕೋಬ್ಯಾಡ್ರಿ. ಮನ್ಯಾಗ ಬ್ಯಾರೆದವ್ರ ಹೆಸರಿಲೆ ಹೊಸಾದು ತಗೋರಿ.’ ಹೆಂಡತಿ ಒಪ್ಪಲಿಲ್ಲ. ಗ್ಯಾಸ್ ಅವಳ ಹೆಸರಿನಲ್ಲಿದೆ, ಅದರ ಮೆಸೇಜುಗಳೇ ಸಾಕಾಗಿವೆಯಂತೆ. ಉಳಿದದ್ದು ಅವ್ವ. ವಯಸ್ಸು 78. ಫೋಟೋ ತೆಗೆಯುತ್ತಾರೆ ಅಂದದ್ದಕ್ಕೆ ಇಳಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ಕೂತಳು. ಹುಡುಗ ಆಧಾರ್ ಸ್ಕ್ಯಾನ್ ಮಾಡಿದ. ರೂಟರಿನಿಂದ ವಯರ್ ಕಿತ್ತ. ಚಹಾ ಕುಡಿದ. ಅದೇ ವಯರ್ ಅದೇ ತೂತಿನಲ್ಲಿ ಮತ್ತೆ ಸಿಗಿಸಿದ. ‘ಹೊಸ ಗ್ರಾಹಕರಿಗೆ ಹಾರ್ದಿಕ ಸ್ವಾಗತ’ ಅಂತ ಮೆಸೇಜು ಬಂತು. 499.

ಅವ್ವನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

‘ನಿಮ್ಮಪ್ಪ ಎರಡೆಕರೆ ಹೊಲ ನಿನ್ನ ಹೆಸರಿಗೆ ಹಚ್ತೀನಿ ಅನ್ಕೋತನ ಹ್ವಾದ. ಉತಾರದಾಗ ಬರಲಾರದ ಹೆಸರು ವೈಫೈನಾಗ ಬಂತು ನೋಡು.’

ಸಂಜೆ ನನ್ನ ಫೋನ್ ಬಡಿದುಕೊಂಡಿತು. ಅದೇ ಮೇಡಂ.

‘ಸರ, ನೀವು ನಮ್ಮನ್ನ ಬಿಟ್ಟು ಹೋಗಿದ್ದು ಭಾಳ ಬ್ಯಾಸರ ಆತ್ರಿ. ವಾಪಸ್ ಬರೋ ಹಳೇ ಗ್ರಾಹಕರಿಗೆ ಸ್ಪೆಷಲ್ ಆಫರ್ ಐತಿ. 449ಕ್ಕ ಕೊಡ್ತೀವ್ರಿ.’

‘ತಡೀರಿ ಮೇಡಂ, ಅವ್ವನ್ನ ಕೇಳಿ ಹೇಳ್ತೀನಿ. ಕನೆಕ್ಷನ್ ಅಕಿ ಹೆಸರಿಲೆ ಐತಿ.’