ಬಾನೆಟ್ ಮೇಲೆ ಕುಂಕುಮ ಇನ್ನೂ ಇತ್ತು

ನಿನ್ನೆ ಸಂಜೆಯಿಂದ ಮನಸ್ಸು ಸರಿ ಇಲ್ಲ. ಬರೆದರೆ ಸ್ವಲ್ಪ ಹಗುರ ಆಗಬಹುದು ಅಂತ ಕೂತಿದ್ದೇನೆ. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಫಿಯೆಟ್‌ಗೆ ಎಡಗಡೆ ಮುಂದಿನ ಬಾಗಿಲಿನ ತ್ರಿಕೋನದ ಗಾಜು ಬೇಕಿತ್ತು. ಮೂರು ತಿಂಗಳಿಂದ ಹುಡುಕುತ್ತಿದ್ದೇನೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಸಿಗಲಿಲ್ಲ. ನಮ್ಮ ಮೈಸೂರಿನ ಬನ್ನಿಮಂಟಪದ ಕಡೆ ಒಂದು ಗುಜರಿ ಅಂಗಡಿಗೆ ಪದ್ಮಿನಿ, ಅಂದರೆ ನನ್ನದೇ ಜಾತಿಯ ಫಿಯೆಟ್ ಕಾರು, ಬಂದಿದೆ ಅಂತ ನಮ್ಮ ಮೆಕ್ಯಾನಿಕ್ ಭಾಯ್ ಫೋನ್ ಮಾಡಿದರು. ಶಾಲೆ ಬಿಟ್ಟ ತಕ್ಷಣ ಓಡಿದೆ. ಅಷ್ಟರಲ್ಲಿ ಟಾಪ್ ಕತ್ತರಿಸಿ ಆಗಿತ್ತು. ಹುಡುಗನೊಬ್ಬ ಗ್ಯಾಸ್ ಕಟರ್ ಹಿಡಿದು ಹಿಂದಿನ ಭಾಗ ಕತ್ತರಿಸುತ್ತಿದ್ದ. ಬಾನೆಟ್ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಅದರ ಮೇಲೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ. ಸ್ಟೇರಿಂಗಿಗೆ ಕಟ್ಟಿದ್ದ ಸೇವಂತಿಗೆ ಹಾರ ಒಣಗಿ ಹಾಗೇ ನೇತಾಡುತ್ತಿತ್ತು.

ಆಯುಧಪೂಜೆ ಆಗಿ ಇನ್ನೂ ಇಪ್ಪತ್ತು ದಿನ ಆಗಿಲ್ಲ. ತೊಳೆದು, ಒರೆಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಬೂದುಗುಂಬಳಕಾಯಿ ಒಡೆದು, ಕೈ ಮುಗಿದು, ಆಮೇಲೆ ಗುಜರಿಯವನಿಗೆ ಫೋನ್ ಮಾಡಿದ್ದಾರೆ. ಯಾರ ಗಾಡಿ ಅಂತ ಕೇಳಿದೆ. ಇಲ್ಲೇ ಊರಿನವರದು, ಮನೆ ಮುಂದೆ ಜಾಗ ಬೇಕಿತ್ತಂತೆ. ಎಂಜಿನ್ ಹೇಗಿತ್ತು ಅಂದೆ. "ಸ್ಟಾರ್ಟ್ ಆಗ್ತಿತ್ತು ಮೇಡಂ, ಓಡಿಸ್ಕೊಂಡೇ ಬಂದು ಬಿಟ್ಟುಹೋದ್ರು" ಅಂದರು.

ಓಡಿಸಿಕೊಂಡು ಬಂದು ಬಿಟ್ಟುಹೋದರು. ರಾತ್ರಿಯೆಲ್ಲ ಈ ಮಾತೇ ತಲೆಯಲ್ಲಿ ಸುತ್ತುತ್ತಿತ್ತು.

ನಿಮಗೆಲ್ಲ ಗೊತ್ತಿರುವ ಹಾಗೆ ನನ್ನ ಫಿಯೆಟ್ ಮನೆಗೆ ಬಂದು ಒಂದು ವರ್ಷ ಆಯಿತು. ಕಳೆದ ವರ್ಷ ದಸರಾ ರಜೆಯಲ್ಲಿ ನಂಜನಗೂಡಿನಿಂದ ತಂದಿದ್ದೆ. 1986ರ ಗಾಡಿ, ಕೆಎ ನಂಬರು ಬರುವ ಮುಂಚಿನದು. ಆರು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಮುಂಬೈಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ 1964ರಿಂದ ಫಿಯೆಟ್ 1100 ಡಿಲೈಟ್ ಅಂತ ತಯಾರಾಗುತ್ತಿದ್ದ ಕಾರಿಗೇ 1974ರಲ್ಲಿ ಪ್ರೀಮಿಯರ್ ಪದ್ಮಿನಿ ಅಂತ ಹೆಸರು ಬಂತು. ನಮ್ಮ ಕಡೆ ಯಾರೂ ಪದ್ಮಿನಿ ಅನ್ನಲಿಲ್ಲ. ಕೊನೆವರೆಗೂ ಅದು ಫಿಯೆಟ್ಟೇ.

ಈ ಒಂದು ವರ್ಷದಲ್ಲಿ ಮಾಡಿಸಿದ ಕೆಲಸ ಒಂದೆರಡಲ್ಲ. ಪೆಟ್ರೋಲ್ ಟ್ಯಾಂಕ್ ಇಳಿಸಿ ತುಕ್ಕು ತೊಳೆಸಿದ್ದು, ಕಾರ್ಬುರೇಟರ್ ಬಿಚ್ಚಿ ಕಟ್ಟಿದ್ದು, ಕ್ಲಚ್ ಪ್ಲೇಟು, ನಾಲ್ಕೂ ಚಕ್ರದ ಬ್ರೇಕ್, ಕಾಲಿಡುವ ಕಡೆ ತೂತು ಬಿದ್ದ ತಗಡಿಗೆ ಪ್ಯಾಚ್. ಎಲ್ಲದಕ್ಕಿಂತ ನೆನಪಿರುವುದು ಮೊದಲ ಸಲ ಚಾಮುಂಡಿ ಬೆಟ್ಟ ಹತ್ತಿದ ದಿನ. ಬೇಸಿಗೆ, ಮಧ್ಯಾಹ್ನದ ಹೊತ್ತು. ಅರ್ಧ ದಾರಿಯಲ್ಲಿ ಗಾಡಿ ಜಗ್ಗಿ ಜಗ್ಗಿ ನಿಂತೇ ಹೋಯಿತು. ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದಾರೆ. ಮಗಳು ಅಳುವ ಹಾಗಿದ್ದಾಳೆ. ನನಗೆ ಅಪ್ಪನ ನೆನಪಾಯಿತು. ಅಪ್ಪ ಯಾವಾಗಲೂ ಡಿಕ್ಕಿಯಲ್ಲಿ ಒಂದು ಬಾಟಲಿ ನೀರು, ಹಳೇ ಪಂಚೆಯ ತುಂಡು ಇಟ್ಟಿರುತ್ತಿದ್ದರು. ಬಿಸಿಗೆ ಪೆಟ್ರೋಲ್ ಆವಿಯಾಗಿ ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ, ಪಂಪು ಎಳೆಯುವುದಿಲ್ಲ. ಬಾನೆಟ್ ಎತ್ತಿ ದುಪಟ್ಟಾ ಒದ್ದೆ ಮಾಡಿ ಪೆಟ್ರೋಲ್ ಪಂಪಿನ ಮೇಲೆ ಹೊದಿಸಿದೆ. ಹದಿನೈದು ನಿಮಿಷ ಕಾದೆವು. ಎರಡನೇ ಸಲಕ್ಕೇ ಸ್ಟಾರ್ಟ್. ನಂದಿಯ ಹತ್ತಿರ ಗಾಡಿ ನಿಲ್ಲಿಸಿ ಮಗಳೂ ನಾನೂ ಕಡಲೆಕಾಯಿ ತಿಂದೆವು. ಅಷ್ಟು ಸಂತೋಷ ನನಗೆ ಈಚೆಗೆ ಯಾವತ್ತೂ ಆಗಿರಲಿಲ್ಲ.

ಆ ದಿನ ಬೆಟ್ಟದ ಮೇಲೆ ಎಷ್ಟು ಜನ ಬಂದು ಮಾತಾಡಿಸಿದರು ಗೊತ್ತಾ? "ನಮ್ಮ ತಾತನ ಹತ್ರ ಇದೇ ಇತ್ತು." "ನಮ್ಮಪ್ಪ ಬುಕ್ ಮಾಡಿ ವರ್ಷಗಟ್ಟಲೆ ಕಾದಿದ್ರು." "ಗೇರ್ ಸ್ಟೇರಿಂಗ್ ಪಕ್ಕದಲ್ಲೇ ಅಲ್ವಾ?" ಎಲ್ಲರೂ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದೆ. ನಿಮ್ಮ ಗಾಡಿ ಏನಾಯಿತು? ಉತ್ತರವೂ ಒಂದೇ. ಗುಜರಿಗೆ ಹಾಕಿದೆವು.

ನನಗೆ ನೋವಾಗುವುದು ಇಲ್ಲೇ. ಹೊಸ ಕಾರಿಗೆ ಮರ್ಯಾದೆ ಇದೆ. ಐವತ್ತು ವರ್ಷ ದಾಟಿದ ಕಾರಿಗೂ ಮರ್ಯಾದೆ ಇದೆ. 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಐವತ್ತು ವರ್ಷ ಮೀರಿದ, ಮೂಲ ರೂಪ ಕೆಡದ ಗಾಡಿ ವಿಂಟೇಜ್. ಅದಕ್ಕೆ ವಿಎ ಅಕ್ಷರದ ಬೇರೆ ನಂಬರು ಕೊಡುತ್ತಾರೆ. ಶ್ರೀರಂಗಪಟ್ಟಣದ ಹತ್ತಿರ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಪಯಣ ಮ್ಯೂಸಿಯಂ ಇದೆ. ಮಗಳನ್ನು ಕರೆದುಕೊಂಡು ಹೋಗಿದ್ದೆ. ಹಳೇ ಕಾರುಗಳನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಕಣ್ಣು ತುಂಬಿ ಬಂತು. ಆದರೆ ನಡುವಿನ ಗಾಡಿಗಳ ಕಥೆ ಏನು? ಮೂವತ್ತು, ನಲವತ್ತು ವರ್ಷದವು? ಅವು ನಮ್ಮ ಬಾಯಲ್ಲಿ ಡಬ್ಬಾ, ಗುಜರಿ. ನನ್ನ ಫಿಯೆಟ್‌ಗೆ ಐವತ್ತು ತುಂಬುವುದು 2036ಕ್ಕೆ. ಅಲ್ಲಿಯವರೆಗೆ ಉಳಿದರೆ ತಾನೇ ವಿಂಟೇಜ್ ಆಗುವುದು? ಎಲ್ಲವನ್ನೂ ನಲವತ್ತಕ್ಕೇ ಕತ್ತರಿಸಿದರೆ ಐವತ್ತು ತುಂಬಲು ಯಾವ ಗಾಡಿ ಇರುತ್ತದೆ?

ಸರ್ಕಾರದ ಲೆಕ್ಕವೂ ಹಾಗೇ ಇದೆ. ಹದಿನೈದು ವರ್ಷ ದಾಟಿದ ಕಾರಿನ ಆರ್‌ಸಿ ಮತ್ತೆ ಮಾಡಿಸಲು ಮುಂಚೆ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಯಿತು. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರಲ್ಲಿ 10,000 ಮಾಡಿದರು. ದುಡ್ಡಿದ್ದವರಿಗೆ ಇದು ದೊಡ್ಡ ಮಾತಲ್ಲ. ಆದರೆ ಪಿಂಚಣಿಯಲ್ಲಿ ಬದುಕುವ ಹಿರಿಯರು ಶೆಡ್ಡಿನಲ್ಲಿ ಒಂದು ಗಾಡಿ ಇಟ್ಟುಕೊಂಡಿದ್ದರೆ, ಮಕ್ಕಳು ಇದನ್ನೇ ನೆಪ ಮಾಡುತ್ತಾರೆ. "ಸುಮ್ನೆ ಯಾಕಪ್ಪಾ ದಂಡ, ಕೊಟ್ಟುಬಿಡಿ" ಅನ್ನುತ್ತಾರೆ. ಮಾರನೇ ದಿನ ತಕ್ಕಡಿ ಬರುತ್ತದೆ.

ಮೈಸೂರಿನವರಾದ ನಮಗಂತೂ ಇದು ಅರ್ಥ ಆಗಬೇಕು. ಯಾದವಗಿರಿಯ ಐಡಿಯಲ್ ಜಾವಾ ನಮ್ಮದೇ ತಾನೇ? ಕಿಕ್ಕರೇ ಗೇರ್ ಲಿವರ್ ಆಗುವ ಆ ಜಾವಾ, ಯೆಜ್ಡಿ ಬೈಕುಗಳು ಇದೇ ಊರಲ್ಲಿ ತಯಾರಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ಏನು ಮಾಡಿದೆವು? ನಮ್ಮ ಬೀದಿಯಲ್ಲೇ ಯೆಜ್ಡಿಗಳನ್ನು ತೂಕಕ್ಕೆ ಹಾಕಿದ್ದನ್ನು ನಾನು ಕಂಡಿದ್ದೇನೆ. 2018ರಲ್ಲಿ ಜಾವಾ ಹೆಸರು ಮತ್ತೆ ಬಂತು, 2022ರಲ್ಲಿ ಯೆಜ್ಡಿಯೂ ಬಂತು. ಈಗ ಹಳೇದು ಎಲ್ಲಿದ್ದರೂ ಹೇಳಿ, ಎಷ್ಟಾದರೂ ಕೊಡುತ್ತೇವೆ ಅಂತ ಹುಡುಗರು ಹಳ್ಳಿ ಹಳ್ಳಿ ಸುತ್ತುತ್ತಿದ್ದಾರೆ. ಒಂದು ಸಲ ಕಳೆದುಕೊಂಡು ಅತ್ತಿದ್ದೇವೆ. ಮತ್ತೆ ಅದೇ ತಪ್ಪು ಯಾಕೆ?

2023ರ ಅಕ್ಟೋಬರಿನಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಹೋಯಿತು. ಆ ವಾರ ಎಲ್ಲರ ಫೇಸ್‌ಬುಕ್ ಗೋಡೆ ಮೇಲೂ ಕಪ್ಪು ಹಳದಿ ಫೋಟೋ. ನಾನೂ ಹಾಕಿದ್ದೆ. ಮುಂಬೈ ಟ್ಯಾಕ್ಸಿಗೆ ಕಣ್ಣೀರು ಹಾಕಿದ ನಾವು ಪಕ್ಕದ ಬೀದಿಯ ಫಿಯೆಟ್ ಬಗ್ಗೆ ಒಂದು ಮಾತೂ ಆಡಲಿಲ್ಲ.

ಹಳೇ ಕಾರು ಹೊಗೆ ಜಾಸ್ತಿ ಬಿಡುತ್ತದೆ ಅಂತ ಕೆಲವರು ಬರೆಯುತ್ತೀರಿ. ನಿಜ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಗಾಡಿ ಈ ವರ್ಷ ಓಡಿದ್ದು 1,100 ಕಿಲೋಮೀಟರ್ ಅಷ್ಟೇ. ಎಮಿಷನ್ ಟೆಸ್ಟ್ ತಪ್ಪಿಸಿಲ್ಲ. ಸೀಟ್ ಬೆಲ್ಟ್ ಇಲ್ಲ, ಏರ್‌ಬ್ಯಾಗ್ ಇಲ್ಲ ಅಂತೀರಿ. ಅದೂ ನಿಜ. ಅದಕ್ಕೇ ನಾನು ಬೆಂಗಳೂರು ಹೆದ್ದಾರಿಗೆ ಈ ಗಾಡಿ ಹತ್ತಿಸುವುದಿಲ್ಲ. ಭಾನುವಾರ ಬೆಳಿಗ್ಗೆ ಊರೊಳಗೆ, ಇಲ್ಲ ಕೆಆರ್‌ಎಸ್ ಕಡೆ, ನಲವತ್ತು ಐವತ್ತರ ವೇಗದಲ್ಲಿ. ದಿನಾ ಶಾಲೆಗೆ ಹೋಗುವುದು ಬಸ್ಸಿನಲ್ಲೇ. ಎಲ್ಲರೂ ಹಳೇ ಕಾರೇ ಓಡಿಸಿ ಅಂತ ನಾನು ಯಾವತ್ತೂ ಹೇಳಿಲ್ಲ. ಓಡುತ್ತಿರುವುದನ್ನು ಕತ್ತರಿಸಬೇಡಿ ಅನ್ನುತ್ತಿದ್ದೇನೆ.

ಗಾಡಿ ಹೋದರೆ ಗಾಡಿ ಮಾತ್ರ ಹೋಗುವುದಿಲ್ಲ. ನಮ್ಮ ಭಾಯ್‌ಗೆ ಅರವತ್ತೈದು ದಾಟಿದೆ. ಮಂಡಿ ಮೊಹಲ್ಲಾದಲ್ಲಿ ಎರಡು ಗಾಡಿ ನಿಲ್ಲುವಷ್ಟು ಜಾಗ. ಎಂಜಿನ್ ಸದ್ದು ಕೇಳಿಯೇ ಪಾಯಿಂಟ್ ಗ್ಯಾಪ್, ಅಂದರೆ ಎಂಜಿನ್ನಿಗೆ ಕಿಡಿ ಕೊಡಿಸುವ ಪಾಯಿಂಟುಗಳ ನಡುವಿನ ಸಂದು, ಹೆಚ್ಚಾಗಿದೆ ಅನ್ನುತ್ತಾರೆ. ವಿಸಿಟಿಂಗ್ ಕಾರ್ಡ್ ಒಂದನ್ನು ನಡುವೆ ತೂರಿಸಿ ಸರಿ ಮಾಡುತ್ತಾರೆ. ಈ ವರ್ಷ ಪೆಟ್ರೋಲ್ ಪೈಪು ಎರಡು ಸಲ ಮೆತ್ತಗಾಗಿ ಉಬ್ಬಿತು. ಈಗಿನ ಪೆಟ್ರೋಲಿನಲ್ಲಿ ಶೇಕಡ 20 ಎಥೆನಾಲ್ ಇದೆ, ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ನಾನು ಮಂಡ್ಯದವಳು. ಕಬ್ಬಿನಿಂದ ಎಥೆನಾಲ್ ಆಗಿ ರೈತರ ಕೈಗೆ ನಾಲ್ಕು ಕಾಸು ಬಂದರೆ ನನಗೆ ಸಂತೋಷವೇ. ಭಾಯ್ ಬೇರೆ ಜಾತಿಯ ಪೈಪು ಹುಡುಕಿ ತಂದು ಹಾಕಿದರು, ಅಲ್ಲಿಗೆ ಸಮಸ್ಯೆ ಮುಗಿಯಿತು. ಆದರೆ ಅವರ ಮಗ ಈ ಕೆಲಸ ಕಲಿತಿಲ್ಲ. "ಗಾಡಿನೇ ಇಲ್ದಿದ್ರೆ ಕಲಿತು ಏನ್ಮಾಡ್ತಾನೆ ಮೇಡಂ" ಅಂತ ಅವರೇ ಹೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ವಿಷಯ. ಇದನ್ನು ಇಲ್ಲಿ ಯಾವತ್ತೂ ಬರೆದಿಲ್ಲ.

ನನ್ನ ಫಿಯೆಟ್ ಅಪ್ಪನದು ಅಂತ ತುಂಬಾ ಜನ ಅಂದುಕೊಂಡಿದ್ದೀರಿ. ಅಲ್ಲ. ಅಪ್ಪನ ಫಿಯೆಟ್ 1982ರದ್ದು, ಹಸಿರು ಬಣ್ಣ. ಮಂಡ್ಯದ ಮನೆ ಮುಂದೆ ಹೊಂಗೆ ಮರದ ಕೆಳಗೆ ನಿಲ್ಲುತ್ತಿತ್ತು. ಅದನ್ನು 2011ರಲ್ಲಿ ಗುಜರಿಗೆ ಹಾಕಿಸಿದ್ದು ನಾನೇ. ಕೆಲಸ ಸಿಕ್ಕಿ ಎರಡು ವರ್ಷ ಆಗಿತ್ತು. ಸಾಲ ಮಾಡಿ ಅಪ್ಪನಿಗೆ ಹೊಸ ಚಿಕ್ಕ ಕಾರು ತಂದೆ. ಹಳೇದು ಇನ್ನೂ ಯಾಕೆ, ಜನ ನೋಡಿದರೆ ಏನಂದುಕೊಳ್ಳುತ್ತಾರೆ ಅಂತ ನಾನೇ ಹಟ ಮಾಡಿದೆ. ಅಪ್ಪ ಒಂದು ಮಾತೂ ಆಡಲಿಲ್ಲ. ಗುಜರಿಯವನು ಹಗ್ಗ ಕಟ್ಟುವ ಮುಂಚೆ ಡಿಕ್ಕಿಯಿಂದ ಟೂಲ್ಸ್ ಚೀಲ ಎತ್ತಿ ಒಳಗಿಟ್ಟರು, ಅಷ್ಟೇ. ಆ ಹೊಸ ಕಾರನ್ನು ಅವರು ಬ್ಯಾಂಕಿಗೆ, ಮದುವೆ ಮನೆಗೆ ಓಡಿಸಿದರು. ಬಾನೆಟ್ ಎತ್ತಿ ನೋಡಿದ್ದನ್ನು ನಾನು ಕಾಣೆ. ಫಿಯೆಟ್ ಇದ್ದಾಗ ಪ್ರತಿ ಭಾನುವಾರ ಕೈಯೆಲ್ಲ ಗ್ರೀಸ್ ಮಾಡಿಕೊಂಡು ಅಮ್ಮನ ಹತ್ತಿರ ಬೈಸಿಕೊಳ್ಳುತ್ತಿದ್ದ ಮನುಷ್ಯ ಅವರು.

2019ರಲ್ಲಿ ಅಪ್ಪ ಹೋದರು. ಆ ಚೀಲ ಅಟ್ಟದ ಮೇಲೆ ಸಿಕ್ಕಿತು. ಸ್ಪ್ಯಾನರುಗಳಿಗೆ ಎಣ್ಣೆ ಹಚ್ಚಿ ಕಾಗದದಲ್ಲಿ ಸುತ್ತಿಟ್ಟಿದ್ದರು. ಈಗ ಅದು ನನ್ನ ಡಿಕ್ಕಿಯಲ್ಲಿದೆ.

ಹಾಗಾಗಿ ನಿನ್ನೆ ಆ ಬಾನೆಟ್ ಮುಂದೆ ನಿಂತಾಗ, ಪೂಜೆ ಮಾಡಿ ಕಳಿಸಿದ ಆ ಮನೆಯವರ ಮೇಲೆ ನನಗೆ ಬಂದ ಸಿಟ್ಟು ಅವರೊಬ್ಬರ ಮೇಲಿನದಲ್ಲ. ಆ ಮನೆಯಲ್ಲೂ ಒಬ್ಬರು ಹಿರಿಯರು ಬಾಗಿಲಲ್ಲಿ ಸುಮ್ಮನೆ ನಿಂತು ನೋಡಿರಬಹುದು. ಅವರಿಗಾಗಿ ಹೊಟ್ಟೆ ಉರಿಯಿತು.

ಒಂದು ಕೇಳಿಕೆ ಇದೆ. ಮೈಸೂರು, ಮಂಡ್ಯ, ನಂಜನಗೂಡು, ತಿ. ನರಸೀಪುರ, ಮದ್ದೂರು, ಎಲ್ಲೇ ಇರಲಿ. ನಿಮ್ಮ ಮನೆಯ ಶೆಡ್ಡಿನಲ್ಲಿ ಫಿಯೆಟ್ ಇರಬಹುದು, ಅಂಬಾಸಿಡರ್ ಇರಬಹುದು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗಿನ ಆ ಮೊದಲ ಚೌಕದ ಗಾಡಿಗಳು ಈಗ ಕಾಣುವುದೇ ಅಪರೂಪ, ಅದೂ ಇರಬಹುದು. ಗುಜರಿಯವರಿಗೆ ಫೋನ್ ಮಾಡುವ ಮುಂಚೆ ನನಗೊಂದು ಮೆಸೇಜ್ ಹಾಕಿ. ಎಲ್ಲವನ್ನೂ ಕೊಳ್ಳುವ ಶಕ್ತಿ ನನಗಿಲ್ಲ. ಆದರೆ ಬಂದು ನೋಡುತ್ತೇನೆ. ಭಾಯ್‌ನ ಕರೆತರುತ್ತೇನೆ. ಅದೇ ಬೆಲೆಗೆ, ಓಡಿಸುವವರ ಕೈಗೆ ಸೇರಿಸುವ ಪ್ರಯತ್ನ ಮಾಡುತ್ತೇನೆ. ಈ ವರ್ಷ ಹೀಗೆ ಎರಡು ಗಾಡಿ ಉಳಿದಿವೆ. ಒಂದು ಪಾಂಡವಪುರದಲ್ಲಿದೆ, ಇನ್ನೊಂದು ಕುವೆಂಪುನಗರದಲ್ಲಿ.

ನಿನ್ನೆ ಆ ಕಾರಿನ ಬಾಗಿಲು ಮಾತ್ರ ಇನ್ನೂ ಕತ್ತರಿಸಿರಲಿಲ್ಲ. ತ್ರಿಕೋನದ ಗಾಜು ಬಿಚ್ಚಿ ಕೊಟ್ಟರು. 300 ರೂಪಾಯಿ ಕೊಟ್ಟೆ. ಒಣಗಿದ ಹಾರವನ್ನೂ ಬಿಚ್ಚಿಕೊಂಡು ಬಂದು ತುಳಸಿ ಗಿಡದ ಬುಡಕ್ಕೆ ಹಾಕಿದೆ. ಭಾನುವಾರ ಬೆಳಿಗ್ಗೆ ಭಾಯ್ ಹತ್ತಿರ ಹೋಗಿ ಗಾಜು ಕೂರಿಸಬೇಕು. ಮಗಳೂ ಬರುತ್ತೇನೆ ಅಂದಿದ್ದಾಳೆ.