ಹೂ ಬಿಡದ ವಾರವನ್ನೂ ಬರೆಯುವವರ ನಡುವೆ

"ನಿಮ್ಮ ಬೆಂಗಳೂರಿನವರು ಯಾಕೆ ಅಂಕಲ್ ಜಾಸ್ತಿ ಬರೆಯೋದಿಲ್ಲ?" ತ್ರಿಶೂರಿನ ನಮ್ಮ ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗಿ ಹೀಗೆ ಕೇಳಿದಾಗ ನಿಜಕ್ಕೂ ಚುಚ್ಚಿತು. ಅವಳು ಕೇಳಿದ್ದು ಸೀಸನ್‌ವಾಚ್ ಬಗ್ಗೆ, ಮರಗಳು ಯಾವಾಗ ಚಿಗುರುತ್ತವೆ, ಹೂ ಬಿಡುತ್ತವೆ ಎಂದು ಜನರೇ ನೋಡಿ ಬರೆದುಕೊಡುವ ಯೋಜನೆ ಅದು. ಅವರ ಗೇಟಿನ ಪಕ್ಕದ ಹಲಸಿನ ಮರವನ್ನು ಅವಳು ತನ್ನ ಮರ ಅಂತ ಬರೆಸಿದ್ದಾಳೆ. ವಾರಕ್ಕೊಮ್ಮೆ ಅದರ ಕೆಳಗೆ ನಿಂತು ಚಿಗುರು, ಬಲಿತ ಎಲೆ, ಹೂ, ಕಾಯಿ, ಹಣ್ಣು ನೋಡಬೇಕು. ಒಂದೊಂದಕ್ಕೂ ಇಲ್ಲ, ಸ್ವಲ್ಪ, ತುಂಬಾ, ಈ ಮೂರರಲ್ಲಿ ಒಂದನ್ನು ಬರೆಯಬೇಕು. ಅಷ್ಟೇ ಕೆಲಸ.

ಚುಚ್ಚಿದ್ದು ಯಾಕೆಂದರೆ ಇದು ನಮ್ಮ ಕಡೆಯದೇ ಯೋಜನೆ. ಇದನ್ನು ನಡೆಸುವುದು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್. ಅದಕ್ಕೂ ಮೊದಲು, 2007ರಲ್ಲಿ, ವಲಸೆ ಹಕ್ಕಿಗಳು ಯಾವಾಗ ಬಂದವು, ಯಾವಾಗ ಹೋದವು ಎಂದು ಜನರಿಂದಲೇ ಬರೆಸಿಕೊಂಡ ಮೈಗ್ರಂಟ್‌ವಾಚ್ ಶುರುವಾದದ್ದೂ ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ. ಯೋಚಿಸಿದವರು ಅಲ್ಲಿ. ಆದರೆ ಮರ ನೋಡಿ ಬರೆದುಕೊಟ್ಟವರಲ್ಲಿ ಬಹುಪಾಲು ಕೇರಳದ ಶಾಲೆ ಮಕ್ಕಳು. ಮಾತೃಭೂಮಿ ಪತ್ರಿಕೆ ಶಾಲೆಗಳಲ್ಲಿ ನಡೆಸುವ ಸೀಡ್ ಎಂಬ ಪರಿಸರ ಕಾರ್ಯಕ್ರಮದ ಮೂಲಕ ಇಲ್ಲಿನ ಶಾಲೆ ಶಾಲೆಗೂ ಇದು ಹೋಗಿದೆ.

ನಮ್ಮಲ್ಲಿ ಮರ ನೋಡುವವರಿಲ್ಲ ಅಂತಲ್ಲ. ಚಳಿ ಕಡಿಮೆಯಾಗುತ್ತಿದ್ದಂತೆ ನನ್ನ ವಾಟ್ಸಾಪ್ ತುಂಬಾ ಬೆಂಗಳೂರಿನ ಟಬೂಬಿಯಾ. ಆ ಗುಲಾಬಿ ಬಣ್ಣದ ರಸ್ತೆಗಳನ್ನು ನೋಡಿದರೆ ಇವತ್ತೇ ಬಸ್ಸು ಹತ್ತಬೇಕು ಅನಿಸುತ್ತದೆ. ವರ್ಷಪೂರ್ತಿ ಒಂದಲ್ಲ ಒಂದು ಮರ ಹೂ ಬಿಡುತ್ತಿರಲಿ ಎಂದು ಹಿಂದೆ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜರ್ಮನ್ ತೋಟಗಾರ ಕ್ರುಂಬಿಗಲ್ ಯೋಚಿಸಿ ಗಿಡ ನೆಡಿಸಿದ ಊರು ಅದು, ಹೂವಿನ ಮೇಲೆ ಅಲ್ಲಿಯವರಿಗೆ ಪ್ರೀತಿ ಇಲ್ಲದೆ ಇರುತ್ತದಾ? ಆದರೆ ಆ ಫೋಟೊಗಳೆಲ್ಲ ಹೂ ತುಂಬಿದ ವಾರದವು. ಅದರ ಹಿಂದಿನ ವಾರ ಅದೇ ಮರ ಬೋಳಾಗಿತ್ತಾ, ಮೊಗ್ಗಿತ್ತಾ, ಯಾರೂ ಹೇಳುವುದಿಲ್ಲ. ಈ ಹುಡುಗಿ ತಿಂಗಳುಗಟ್ಟಲೆ ಹೂ ಇಲ್ಲ, ಕಾಯಿ ಇಲ್ಲ ಅಂತಲೇ ಬರೆಯುತ್ತಾಳೆ. ಬೇಜಾರಾಗಲ್ವಾ ಅಂತ ಕೇಳಿದೆ. "ಇಲ್ಲ ಅಂತ ಬರೆಯದಿದ್ದರೆ ಯಾವಾಗ ಬಂತು ಅಂತ ಹೇಗೆ ಗೊತ್ತಾಗುತ್ತೆ ಅಂಕಲ್?" ಅಂದಳು. ಟೀಚರ್ ಹೇಳಿಕೊಟ್ಟ ಮಾತೇ ಇರಬಹುದು, ಇರಲಿ.

ವಿಷಯ ಇರುವುದು ಅಲ್ಲೇ. ಹೋದ ವಾರ ಇಲ್ಲ, ಈ ವಾರ ಸ್ವಲ್ಪ ಎಂದು ಬರೆದಿದ್ದರೆ ಆ ಏಳು ದಿನದೊಳಗೆ ಹೂ ಶುರುವಾಯಿತು ಎಂಬ ಲೆಕ್ಕ ಸಿಗುತ್ತದೆ. ಬರೀ "ಮೊದಲ ಹೂ ಕಂಡೆ" ಎಂಬ ಸುದ್ದಿಯನ್ನೇ ನಂಬಿಕೊಂಡರೆ ಇನ್ನೊಂದು ತೊಂದರೆಯೂ ಇದೆ. ನೋಡುವವರು ಜಾಸ್ತಿಯಾದಷ್ಟೂ ಬೇಗ ಹೂ ಬಿಟ್ಟ ಯಾವುದೋ ಒಂದು ಮರ ಯಾರದೋ ಕಣ್ಣಿಗೆ ಬಿದ್ದೇ ಬೀಳುತ್ತದೆ. ಆಗ ಹೂ ಬಿಡುವ ಕಾಲವೇ ಮುಂಚೆ ಬಂದಂತೆ ಕಾಣುತ್ತದೆ. ನಿಜವಾಗಿ ಹೆಚ್ಚಾಗಿರುವುದು ನೋಡುವ ಕಣ್ಣುಗಳು ಮಾತ್ರ.

ಊರಿಗೆ ಹೋದಾಗಲೆಲ್ಲ ಹಿರಿಯರು ಹೇಳುವ ಮಾತು ಒಂದಿದೆ: "ಮೊದಲೆಲ್ಲ ಯುಗಾದಿಗೆ ಸರಿಯಾಗಿ ಬೇವು ಹೂ ಬಿಡ್ತಿತ್ತು, ಈಗ ಎಲ್ಲಾ ಹಿಂದುಮುಂದಾಗಿದೆ." ಮಾತು ಸುಳ್ಳು ಅನ್ನುವುದಿಲ್ಲ. ಆದರೆ ಯುಗಾದಿ ಒಂದೇ ತಾರೀಖಿಗೆ ಬರುವ ಹಬ್ಬವಾ? 2023ರಲ್ಲಿ ಮಾರ್ಚ್ 22ಕ್ಕೆ ಬಂತು, 2024ರಲ್ಲಿ ಏಪ್ರಿಲ್ 9ಕ್ಕೆ. ಬೇವು ಎರಡೂ ವರ್ಷ ಒಂದೇ ದಿನ ಹೂ ಬಿಟ್ಟಿದ್ದರೂ ಒಂದು ಸಲ ತಡ, ಇನ್ನೊಂದು ಸಲ ಬೇಗ ಅನಿಸುತ್ತದೆ. ಇಲ್ಲಿಯವರಿಗೆ ವಿಷು ಏಪ್ರಿಲ್ 14, ಇಲ್ಲವೇ 15. ಅವತ್ತು ಬೆಳಗ್ಗೆ ಎದ್ದ ಕೂಡಲೇ ನೋಡಲು ಜೋಡಿಸಿಡುವ ಕಣಿಗೆ ಕಕ್ಕೆ ಹೂ ಇರಲೇಬೇಕು. ಹಾಗಾಗಿ ಕಕ್ಕೆ ಹೂ ವಿಷುವಿಗೆ ಮುಂಚೆಯೇ ಉದುರಿಹೋಯಿತು ಎಂದು ಇಲ್ಲಿ ಯಾರಾದರೂ ಗೊಣಗಿದರೆ ಆ ಗೊಣಗಾಟಕ್ಕೆ ಒಂದು ನಿಂತ ತಾರೀಖು ಇರುತ್ತದೆ. ಅದರ ಮೇಲೆ ಮಕ್ಕಳು ವಾರವಾರ ಬರೆದ ಪಟ್ಟಿ ಬೇರೆ.

ಹಾಗಂತ ತಾರೀಖು ನಿಂತ ಲೆಕ್ಕ ನಮ್ಮಲ್ಲೂ ಇಲ್ಲದೆ ಇಲ್ಲ. ರೋಹಿಣಿ, ಮೃಗಶಿರ, ಆರಿದ್ರಾ ಮಳೆಗಳೆಲ್ಲ ಸೂರ್ಯನ ಲೆಕ್ಕದವು, ವರ್ಷವರ್ಷವೂ ಹೆಚ್ಚುಕಡಿಮೆ ಅದೇ ದಿನ ಕೂಡುತ್ತವೆ. ಯಾವ ಮಳೆಗೆ ಏನು ಬಿತ್ತಬೇಕು ಎನ್ನುವುದು ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಇತ್ತು. ಯಾವ ವರ್ಷ ಯಾವ ಮಳೆ ಕೈಕೊಟ್ಟಿತು, ಆ ವರ್ಷ ನೇರಳೆ ಯಾವಾಗ ಹಣ್ಣಾಯಿತು ಅಂತ ಯಾರೂ ಒಂದು ಸಾಲು ಬರೆದಿಡಲಿಲ್ಲ. ಅಜ್ಜನ ಜೊತೆ ಅದೂ ಹೋಯಿತು. ನನಗೆ ಸಿಟ್ಟು ಬರುವುದು ಇದಕ್ಕೇ.

ಬರೆದಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಇಂಗ್ಲೆಂಡಿನ ರಾಬರ್ಟ್ ಮಾರ್ಶಮ್ ಇದ್ದಾರೆ. ನಾರ್ಫಕ್‌ನ ಜಮೀನುದಾರ. 1736ರಿಂದ ವಸಂತದ ಗುರುತುಗಳನ್ನು ಬರೆಯಲು ಶುರುಮಾಡಿದರು. ಮೊದಲ ಎಲೆ, ಮೊದಲ ಕೋಗಿಲೆ, ಕಪ್ಪೆಯ ಕೂಗು, ಹೀಗೆ. ಅವರ ಮನೆಯವರು 1958ರವರೆಗೂ ಅದನ್ನು ಮುಂದುವರಿಸಿದರು. ಅವರು ಬರೆಯುವಾಗ ಹವಾಮಾನ ಬದಲಾವಣೆ ಎಂಬ ಮಾತೇ ಇರಲಿಲ್ಲ. ಆ ದೇಶದಲ್ಲಿ ನೇಚರ್ಸ್ ಕ್ಯಾಲೆಂಡರ್ ಎಂಬ ಯೋಜನೆ ಇಂಥ ಹಳೆಯ ದಾಖಲೆಗಳನ್ನೂ ಈಗಿನ ಜನರ ದಾಖಲೆಗಳನ್ನೂ ಒಟ್ಟಿಗೆ ಇಟ್ಟಿದೆ. ಅದರ 4 ಲಕ್ಷಕ್ಕೂ ಹೆಚ್ಚು ದಾಖಲೆಗಳನ್ನು ನೋಡಿದ 2022ರ ಅಧ್ಯಯನವೊಂದು, 1986ರವರೆಗಿನ ಕಾಲಕ್ಕೆ ಹೋಲಿಸಿದರೆ ಆಮೇಲೆ ಬ್ರಿಟನ್ನಿನ ಗಿಡಗಳು ಸರಾಸರಿ ಸುಮಾರು ಒಂದು ತಿಂಗಳು ಮೊದಲೇ ಹೂ ಬಿಡುತ್ತಿವೆ ಎಂದು ಹೇಳಿತು. ಹೀಗೆ ಖಚಿತವಾಗಿ ಹೇಳಲು ನಮ್ಮ ಬೇವಿಗೆ ಅಷ್ಟು ಹಳೆಯ ಲೆಕ್ಕ ಎಲ್ಲಿಂದ ತರುವುದು?

ಇಲ್ಲಿಯದೆಲ್ಲ ಸರಿಯಾಗಿದೆ ಅಂತಲೂ ಅಲ್ಲ. ನಮ್ಮ ಹುಡುಗಿಯ ಪಟ್ಟಿ ಬೇಸಿಗೆ ರಜೆಯಲ್ಲಿ ನಿಂತುಹೋಗುತ್ತದೆ, ಅಜ್ಜಿ ಮನೆಗೆ ಹೋದವಳು ಜೂನ್‌ನಲ್ಲೇ ಬರುವುದು. ಹಲಸು ಹಣ್ಣಾಗುವ ಕಾಲವೇ ಅದು. ಶಾಲೆ ಬಿಟ್ಟ ಮೇಲೂ ಅವಳು ಬರೆಯುತ್ತಾಳಾ, ನೋಡಬೇಕು.

ಮತ್ತೆ, ನಮ್ಮವರ ಬಗ್ಗೆ ಇನ್ನೂ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಕೇರಳ 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿ, ಮಳೆಗಾಲಕ್ಕೊಮ್ಮೆ ಬೇಸಿಗೆಗೊಮ್ಮೆ ತಿರುಗಾಡಿಸಿ, ಯಾವ ಹಕ್ಕಿ ಎಲ್ಲೆಲ್ಲಿದೆ ಎಂದು ತೋರಿಸುವ ಇಡೀ ರಾಜ್ಯದ ಹಕ್ಕಿ ಅಟ್ಲಾಸ್ ಮಾಡಿತು. ಇಲ್ಲಿಯವರಿಗೆ ಅದರ ಬಗ್ಗೆ ತುಂಬಾ ಹೆಮ್ಮೆ. ಆದರೆ ಮೈಸೂರಿನ ಹಕ್ಕಿಪ್ರಿಯರು ತಮ್ಮ ಊರಿನ ಅಟ್ಲಾಸ್ ಕೆಲಸವನ್ನು 2014ರಲ್ಲೇ ಶುರುಮಾಡಿದ್ದರು. ಇನ್ನೊಂದು, ಕೊಡಗು ಚಿಕ್ಕಮಗಳೂರಿನ ಕಾಫಿ ಬೆಳೆಗಾರರು. ಅವರಲ್ಲಿ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ಮಳೆ ಲೆಕ್ಕ ಬರೆದಿಟ್ಟಿದ್ದಾರೆ. ಹೂಮಳೆ ಬಿದ್ದ ದಿನ ಅವರಿಗೆ ಮರೆಯುವ ದಿನವಲ್ಲ, ವಾರ ಹತ್ತು ದಿನದಲ್ಲಿ ಕಾಫಿ ಹೂ ಅರಳಿ ತೋಟವೆಲ್ಲ ಬೆಳ್ಳಗಾಗುತ್ತದೆ, ವರ್ಷದ ಫಸಲು ನಿಂತಿರುವುದೇ ಅದರ ಮೇಲೆ. ಮೂಡಿಗೆರೆ ಕಡೆಯ ಗೆಳೆಯನೊಬ್ಬನ ಮನೆಯಲ್ಲಿ ಅಂಥ ಪುಸ್ತಕಗಳನ್ನು ನಾನೇ ನೋಡಿದ್ದೇನೆ, ಮಳೆಯ ಪಕ್ಕದಲ್ಲಿ ಹೂ ಅರಳಿದ ತಾರೀಖೂ ಇತ್ತು.

ಅವೆಲ್ಲ ಬೀರುವಿನಲ್ಲಿವೆ. ಯಾರಾದರೂ ತೋಟ ತೋಟಕ್ಕೆ ಹೋಗಿ ಕೇಳಿ, ಫೋಟೊ ತೆಗೆದು, ಒಂದು ಕಡೆ ಹಾಕಬೇಕು. ಆ ಕಡೆಯ ಕಾಲೇಜು ಮಕ್ಕಳು ರಜೆಯಲ್ಲಿ ಮಾಡಬಹುದಾದ ಕೆಲಸ ಇದು. ಗೆಳೆಯನಿಗೆ ಹೇಳಿದ್ದೇನೆ, ಮೊದಲು ಅವನ ಮನೆಯದನ್ನೇ ಕಳಿಸಲಿ.